ಬಿಗಿ ಮುಚ್ಚಳದ ಪೆಟ್ಟಿಗೆ

ಆ ಮನೆಯಲ್ಲಿ ಚಳಿಗಾಲದ ರಜೆ ಹತ್ತಿರ ಬಂತೆಂದರೆ ಎಲ್ಲರೂ ಕಳ್ಳರಾಗಿಬಿಡುತ್ತಿದ್ದರು. ಯಾರಾದರೂ ಒಳಗೆ ಬಂದರೆ ಕೈಯಲ್ಲಿದ್ದುದನ್ನು ಹಾಸಿಗೆಯಡಿ ತಳ್ಳುವುದೇನು, ಸ್ನಾನದ ಮನೆಯ ಚಿಲಕ ಹಾಕಿಕೊಂಡು ಅಂಟು ಹಚ್ಚುತ್ತ ಕೂರುವುದೇನು, "ಏನು ಮಾಡ್ತಿದೀಯ?" ಎಂದು ಕೇಳಿದವರ ಮೇಲೆ "ನಿಮಗೇನು ಬೇರೆ ಕೆಲಸ ಇಲ್ವಾ?" ಎಂದು ಹರಿಹಾಯುವುದೇನು! ಕುಂಬಳಕಾಯಿ ಕಳ್ಳ ಎಂದರೆ ಎಲ್ಲರೂ ಒಟ್ಟಿಗೇ ಹೆಗಲು ಮುಟ್ಟಿ ನೋಡಿಕೊಳ್ಳುವ ಕಾಲ ಅದು.

ಕಾರಣ ಇಷ್ಟೇ. ಮೊದಲ ಚಳಿ ಬಿದ್ದ ವಾರ ಅಪ್ಪನ ಉಣ್ಣೆ ಟೋಪಿಯಲ್ಲಿ ಎಲ್ಲರ ಹೆಸರಿನ ಚೀಟಿ ಹಾಕಿ ಕುಲುಕುತ್ತಿದ್ದರು. ಯಾರ ಚೀಟಿ ಬಂತೋ ಅವರಿಗೊಂದು ಉಡುಗೊರೆ ಮಾಡಬೇಕು, ಅದೂ ಸ್ವಂತ ಕೈಯಾರೆ. ಅಂಗಡಿಯಿಂದ ತಂದರೆ ವರ್ಷವಿಡೀ ಆಡಿಕೊಳ್ಳುತ್ತಿದ್ದರು. ರಜೆಯ ಮೊದಲ ಭಾನುವಾರ ಎಲ್ಲರೂ ಸೇರಿ ಹಳೇ ಪೇಪರಿನಲ್ಲಿ ಸುತ್ತಿದ ಪೊಟ್ಟಣಗಳನ್ನು ಬಿಚ್ಚುತ್ತಿದ್ದರು. ಪೊಟ್ಟಣದ ಮೇಲೆ ಅದು ಯಾರಿಗೆ ಎಂದು ಬರೆದಿರುತ್ತಿತ್ತು, ಯಾರು ಮಾಡಿದ್ದು ಎಂದು ಬರೆದಿರುತ್ತಿರಲಿಲ್ಲ. ಬಿಚ್ಚಿದವರೇ ತಿರುಗಿಸಿ ಮುರುಗಿಸಿ ನೋಡಿ ಹೇಳಬೇಕು, ಇದು ಯಾರ ಕೈ ಅಂತ.

ಕೈಯನ್ನು ಅದರ ಜಾಣ್ಮೆಯಿಂದ ಯಾರೂ ಗುರುತಿಸುತ್ತಿರಲಿಲ್ಲ. ಗುರುತು ಸಿಗುತ್ತಿದ್ದುದು ತಪ್ಪಿನಿಂದ. ಗಡಿಯಾರ ರಿಪೇರಿ ಮಾಡಿ ಮಾಡಿ ಕಣ್ಣು ಸವೆಸಿಕೊಂಡ ಅಪ್ಪ ಏನೇ ಮಾಡಲಿ, ಅದಕ್ಕೆ ಬೇಕಾದದ್ದಕ್ಕಿಂತ ಎರಡು ಸ್ಕ್ರೂ ಹೆಚ್ಚಿರುತ್ತಿದ್ದವು. ಬಸ್ ಕಂಡಕ್ಟರಾಗಿದ್ದ ಅಳಿಯ ಪ್ರತಿ ವರ್ಷವೂ ಹಳೇ ಬಟ್ಟೆಯ ಕಾಲೊರಸು ಹೆಣೆಯುತ್ತಿದ್ದ. ಬಟ್ಟೆ ಸಾಲದೆಯೋ ತಾಳ್ಮೆ ಸಾಲದೆಯೋ ಅದು ಒಂದೇ ಕಾಲಿಗೆ ಆಗುವಷ್ಟು ಇರುತ್ತಿತ್ತು. ತಪ್ಪಾಗಿ ಗುರುತಿಸಿದರೆ ದಂಡವೂ ಇತ್ತು: ಯಾರ ಹೆಸರು ಹೇಳಿದಿರೋ ಅವರಿಗೆ ರಜೆ ಮುಗಿಯುವುದರೊಳಗೆ ಒಂದು ಉಡುಗೊರೆ ಮಾಡಿಕೊಡಬೇಕು. ಈ ನಿಯಮ ಮಾಡಿದವಳು ಅಮ್ಮ. "ಗುರುತು ತಪ್ಪಿತು ಅಂದ್ರೆ ಆ ಮನುಷ್ಯನನ್ನ ನೀನು ಸರಿಯಾಗಿ ನೋಡಿಲ್ಲ ಅಂತ. ಅವನಿಗೊಂದು ಮಾಡಿಕೊಡು, ಆಗ ನೋಡ್ತೀಯ" ಎನ್ನುತ್ತಿದ್ದಳು.

ಅಮ್ಮ ದರ್ಜಿ. ಮಗಳೂ ದರ್ಜಿ. ಮಗಳನ್ನು ಮನೆಯವರಷ್ಟೇ ಅಲ್ಲ, ಇಡೀ ಬೀದಿಯೇ ಅಕ್ಕ ಎಂದು ಕರೆಯುತ್ತಿತ್ತು. ತನಗಿಂತ ದೊಡ್ಡವರೂ ಹಾಗೆ ಕರೆದಾಗ ಅವಳಿಗೆ ಸಿಟ್ಟು ಬರುತ್ತಿತ್ತು, ಆದರೆ ಅವಳಿಗೆ ಸಿಟ್ಟು ಬರದ ಸಂಗತಿಗಳೇ ಕಡಿಮೆ. ಮನೆಯವರ ಮೈಯಳತೆಯೆಲ್ಲ ಅವಳಿಗೆ ಬಾಯಿಪಾಠ. ಟೇಪು ಹಿಡಿಯದೆ ಹೊಲಿದರೂ ಕುತ್ತಿಗೆಯಿಂದ ಕೈಪಟ್ಟಿಯವರೆಗೆ ಒಂದು ನೂಲು ಆಚೀಚೆ ಆಗುತ್ತಿರಲಿಲ್ಲ. ಬಟ್ಟೆಗೆ ಅಷ್ಟು ಅಳತೆ ಇಡುವವಳು ಮಾತಿಗೆ ಮಾತ್ರ ಅಳತೆ ಇಡುತ್ತಿರಲಿಲ್ಲ, ಆರು ಚಳಿಗಾಲದ ಹಿಂದಿನ ಅನಾಹುತ ಆದದ್ದು ಅದರಿಂದಲೇ.

ಅವಳಿಗೊಬ್ಬ ತಮ್ಮ, ಬಡಗಿ. ಚಿಕ್ಕಂದಿನಲ್ಲಿ ಎಲ್ಲಿ ನಿಲ್ಲಿಸಿದರೆ ಅಲ್ಲೇ ಕದಲದೆ ನಿಲ್ಲುತ್ತಿದ್ದ, ಅದಕ್ಕೆ ಗೂಟ ಎಂದು ಅವಳೇ ಹೆಸರಿಟ್ಟಿದ್ದಳು. ಗೂಟನ ಕೈಯ ತಪ್ಪು ಮನೆಯಲ್ಲೆಲ್ಲ ಹೆಸರುವಾಸಿ: ಅವನು ಮಾಡಿದ ಯಾವ ಪೆಟ್ಟಿಗೆಯ ಮುಚ್ಚಳವೂ ಸಲೀಸಾಗಿ ತೆಗೆಯಲು ಬಂದದ್ದಿಲ್ಲ. ಒಮ್ಮೆ ಅವನು ಮಾಡಿದ ಉಪ್ಪಿನ ಪೆಟ್ಟಿಗೆ ಮಳೆಗಾಲದುದ್ದಕ್ಕೂ ಬಾಯಿ ಬಿಡದೆ, ಅಮ್ಮ ಪಕ್ಕದ ಮನೆಯಿಂದ ಉಪ್ಪು ತಂದು ಅಡುಗೆ ಮಾಡಿದ್ದಳು.

ಅಮ್ಮ ತೀರಿಕೊಂಡ ವರ್ಷ ಹಳೇ ಮನೆ ಖಾಲಿ ಮಾಡಿ ಅಪ್ಪ ಮಗಳ ಮನೆಗೆ ಬಂದ. ಹಳೇ ಮನೆಯಲ್ಲಿ ಉಳಿದದ್ದು ಅಮ್ಮ ಬಟ್ಟೆ ಕತ್ತರಿಸುತ್ತಿದ್ದ ಮೇಜು. ಇಬ್ಬರು ಕಾಲು ಚಾಚಿ ಮಲಗಬಹುದಾದಷ್ಟು ದೊಡ್ಡದು. ಅದು ತನ್ನ ಅಂಗಡಿಗೆ ಬರಬೇಕೆಂದು ಅಕ್ಕ ಎಲ್ಲರಿಗೂ ಹೇಳಿಟ್ಟಿದ್ದಳು. ಆ ಚಳಿಗಾಲ ಗೂಟನಿಗೆ ಬಂದದ್ದು ಅಕ್ಕನ ಚೀಟಿ. ಭಾನುವಾರ ಅವನು ಕೈಗಾಡಿಯಲ್ಲಿ ಏನನ್ನೋ ತಂದು, ಮೇಲೆ ಹೊದಿಸಿದ್ದ ಹೊದಿಕೆ ಎಳೆದ. ಗುಂಡಿ, ದಾರ, ಜಿಪ್ಪು ಇಡಲು ಸಾಲುಸಾಲು ಡ್ರಾಯರುಗಳಿದ್ದ ಬೀರು, ಅವಳ ಅಂಗಡಿಯ ಗೋಡೆಗೆ ಹೇಳಿ ಮಾಡಿಸಿದಂತಿತ್ತು. ಅವಳು ಮೊದಲು ನೋಡಿದ್ದು ಮರವನ್ನು. ಅದರ ಮೇಲೆಲ್ಲ ಅಮ್ಮ ಬಟ್ಟೆಗೆ ಗುರುತು ಹಾಕುತ್ತಿದ್ದ ಹಲ್ಲಿನ ಚಕ್ರ ಓಡಾಡಿದ ಸಣ್ಣ ಚುಕ್ಕಿಗಳಿದ್ದವು. ಅದು ಅಮ್ಮನ ಮೇಜಿನ ಹಲಗೆ.

"ಅಮ್ಮನ್ನ ಕೊಯ್ದು ಹಾಕಿದೀಯಲ್ಲೋ!" ಎಂದು ಕಿರುಚಿದಳು. "ಕೇಳದೆ ಕತ್ತರಿಸಿದೆಯಲ್ಲ! ಈ ಕೈಯಿಂದ ಮಾಡಿದ್ದು ಇನ್ನು ನನ್ನ ಕಣ್ಣಿಗೆ ಬೀಳಬಾರದು. ನಿನ್ನ ಹೆಸರೂ ಯಾರೂ ನನ್ನ ಮುಂದೆ ಎತ್ತಬಾರದು!"

ಗೂಟ ಹೊದಿಕೆ ಮುಚ್ಚಿ ಗಾಡಿ ತಳ್ಳಿಕೊಂಡು ಹೋದ. ಮತ್ತೆ ಬರಲಿಲ್ಲ. ಅಪ್ಪನನ್ನು ನೋಡಲು ಬರುತ್ತಿದ್ದುದೂ ಅಕ್ಕ ಅಂಗಡಿಯಲ್ಲಿದ್ದಾಗಲೇ. ಅವನ ಹೆಂಡತಿ, ಮಗಳು ಮಾತ್ರ ತಪ್ಪದೆ ಬರುತ್ತಿದ್ದರು, ಬಂದವರು ಅವನ ಮಾತು ಬಿಟ್ಟು ಬೇರೆಲ್ಲ ಮಾತಾಡಿ ಹೋಗುತ್ತಿದ್ದರು. ಮೇಜು ತನ್ನ ಅಂಗಡಿಯ ಬಾಗಿಲಲ್ಲಿ ಹಿಡಿಯುವುದಿಲ್ಲ ಎಂಬುದು ಅಕ್ಕನಿಗೆ ಮರುದಿನವೇ ತಿಳಿದಿತ್ತು, ಟೇಪು ಹಿಡಿದು ಬಾಗಿಲು ಅಳೆದು ನೋಡಿದ್ದಳು. ಆದರೇನು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೋಪ ಒಂದೇ ವರ್ಷಕ್ಕೆ ಇಳಿದುಹೋಯಿತು. ಉಳಿದದ್ದು ನಾನು ಮೊದಲು ಹೋಗಬೇಕೋ ಅವನು ಮೊದಲು ಬರಬೇಕೋ ಎಂಬ ಲೆಕ್ಕ. ಆ ಲೆಕ್ಕದಲ್ಲೇ ಐದು ವರ್ಷ ಕಳೆದವು. ಪ್ರತಿ ಚಳಿಗಾಲದ ಭಾನುವಾರವೂ ಗೇಟು ಸದ್ದಾದರೆ ಅವಳು ತಲೆಯೆತ್ತಿ ನೋಡುತ್ತಿದ್ದಳು. ಹಾಲಿನವನೋ ಪಕ್ಕದ ಮನೆಯವರೋ ಆಗಿದ್ದರೆ ಅವರ ಮೇಲೆ ರೇಗುತ್ತಿದ್ದಳು.

ಈ ಸಲದ ಭಾನುವಾರ ಹೊರಗೆ ಮಂಜು ಕವಿದು ಎದುರು ಮನೆಯೇ ಕಾಣುತ್ತಿರಲಿಲ್ಲ. ಒಳಗೆ ಅಗ್ಗಿಷ್ಟಿಕೆಯ ಸುತ್ತ ಐದು ಜನ: ಅಕ್ಕ, ಅವಳ ಗಂಡ ಕಂಡಕ್ಟರ್, ಕಿವಿ ಮಂದವಾದ ಅಪ್ಪ, ತಮ್ಮನ ಹೆಂಡತಿಯಾದ ನರ್ಸು, ಅವಳ ಮಗಳು ಗುಬ್ಬಿ. ಗುಬ್ಬಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಕಂಡಕ್ಟರಿಗೆ ಒಂದು ಟಿಕೆಟ್ ಪೆಟ್ಟಿಗೆ ಬಂದಿತ್ತು. ಸ್ಕ್ರೂಗಳನ್ನು ಎಣಿಸುವ ಮೊದಲೇ "ಮಾವನವರ ಕೈ!" ಎಂದ. ನರ್ಸಿಗೆ ಒಂದು ಕಾಲೊರಸು ಬಂತು. ಅವಳು ಅದರ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಎಲ್ಲಿಡಲಿ ಎಂದು ಸುತ್ತ ನೋಡಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆಮೇಲೆ ಅಕ್ಕನ ಸರದಿ. ಪೇಪರು ಬಿಚ್ಚಿದರೆ ಅಂಗೈ ಅಗಲದ ಮರದ ಪೆಟ್ಟಿಗೆ, ಸೂಜಿ ದಾರಕ್ಕೆ ಅಂತ. ಒಳ್ಳೆಯ ನುಣುಪು, ಅಂಚುಗಳನ್ನು ಕೆಳಗಡೆಯೂ ಉಜ್ಜಿದ್ದರು. ಮುಚ್ಚಳ ಎಳೆದಳು. ಬರಲಿಲ್ಲ. ಯೋಚನೆಯನ್ನೇ ಮಾಡದೆ ಅವಳ ಕೈ ತನ್ನಷ್ಟಕ್ಕೆ ಪೆಟ್ಟಿಗೆಯನ್ನು ತೊಡೆಯ ಮೇಲೆ ಓರೆಯಾಗಿಟ್ಟು, ಒಂದು ಮೂಲೆಯನ್ನು ಅಂಗೈಯಿಂದ ಅದುಮಿ, ಎದುರಿನ ಮೂಲೆಯನ್ನು ಹೆಬ್ಬೆರಳಿನಿಂದ ಎತ್ತಿತು. ಟಪ್ ಎಂದು ತೆರೆಯಿತು. ಆ ಉಪಾಯ ಬಾಲ್ಯದಿಂದಲೂ ಗೂಟನ ಪೆಟ್ಟಿಗೆಗಳ ಜೊತೆ ಗುದ್ದಾಡಿದವರಿಗೆ ಮಾತ್ರ ಗೊತ್ತಿತ್ತು.

"ಗೂಟ!" ಎಂದಳು. ಮುಖವೆಲ್ಲ ನಗು. "ಗೂಟಾನೇ! ಇವನ ಮುಚ್ಚಳ ಯಾವತ್ತು ನೆಟ್ಟಗೆ ತೆಗೆದಿದೆ? ಎಲ್ಲಿ ಅವನು, ಹೊರಗೆ ನಿಂತಿದಾನಾ? ಈ ಚಳೀಲಿ?" ಎಂದು ಅರ್ಧ ಎದ್ದೂಬಿಟ್ಟಳು.

ಯಾರೂ ನಗಲಿಲ್ಲ. ನರ್ಸು ಕಾಲೊರಸನ್ನು ಮಡಿಸತೊಡಗಿದಳು. ಗುಬ್ಬಿ ಶಾಲೆಯಲ್ಲಿ ಎತ್ತುವ ಹಾಗೆ ಕೈಯೆತ್ತಿದಳು.

"ಅತ್ತೆ... ಅದು ನಾನು ಮಾಡಿದ್ದು."

ಅಕ್ಕ ಹಾಗೇ ನಿಂತಳು. ಅವನೇ ಮಾಡಿ ಕಳಿಸಿದ್ದಾನೆ, ಕೊನೆಗೂ ಅವನೇ ಬಂದಿದ್ದಾನೆ ಎಂದು ಆ ಒಂದು ಕ್ಷಣ ಅವಳಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಅದು ಎಲ್ಲರೆದುರೂ ಬಯಲಾಗಿತ್ತು. ಅವನು ಬಂದಿರಲಿಲ್ಲ, ಕಳಿಸಿಯೂ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಏನು ಮಾಡಬೇಕೆಂದು ತಿಳಿಯದವಳು ಎಂದಿನಂತೆ ಸಿಟ್ಟಾದಳು.

"ಇದೆಲ್ಲ ಲೆಕ್ಕಕ್ಕಿಲ್ಲ. ಆಟದಲ್ಲಿ ಇಲ್ಲದವರ ಹೆಸರು ಬಾಯಿತಪ್ಪಿ ಬಂತು. ಬಿಡಿ."

"ಬಿಡೋದೇನು?" ಎಂದ ಗಂಡ. "ಟಿಕೆಟ್ ಹರಿದ ಮೇಲೆ ವಾಪಸ್ ಇಲ್ಲ."

"ಯಾರ ಹೆಸರು ಹೇಳಿದ್ಲು?" ಎಂದು ಅಪ್ಪ ಕೇಳಿದ. ಅವನಿಗೆ ಏನೂ ಕೇಳಿಸಿರಲಿಲ್ಲ. ಗುಬ್ಬಿ ಕಿವಿಯ ಹತ್ತಿರ ಬಾಗಿ, "ನಮ್ಮಪ್ಪನ ಹೆಸರು, ತಾತ!" ಎಂದು ಕೂಗಿದಳು. ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದ.

"ಹಾಗಾದ್ರೆ ಅವನಿಗೆ ಮಾಡಿಕೊಡ್ಬೇಕಲ್ಲಮ್ಮ," ಎಂದ. "ನಿಮ್ಮಮ್ಮನ ನಿಯಮ. ನನ್ನ ಕೈಲಿಲ್ಲ."

ಅಕ್ಕ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಗುಬ್ಬಿ ಹಿಂದೆಯೇ ಬಂದಳು.

"ಮುಚ್ಚಳ ಬೇಕಂತ ಬಿಗಿ ಮಾಡಿದ್ಯಾ?" ಎಂದಳು ಅಕ್ಕ.

"ಇಲ್ಲ ಅತ್ತೆ, ಆಣೆ. ಸಡಿಲ ಮಾಡೋಣ ಅಂತ ಎಷ್ಟು ಉಜ್ಜಿದೆ ಗೊತ್ತಾ? ನಾನು ಕಲಿತಿದ್ದೇ ಹಾಗೆ. ಮೊದಲು ಬಿಗಿ ಇರ್ಬೇಕು, ಬಳಸ್ತಾ ಬಳಸ್ತಾ ಸರಿಹೋಗುತ್ತೆ ಅಂತಾರೆ ಅಪ್ಪ."

"ಇದು ನನಗೆ ಅಂತ ಅವನಿಗೆ ಗೊತ್ತಿತ್ತಾ?"

ಗುಬ್ಬಿ ಇಲ್ಲವೆಂದು ತಲೆಯಾಡಿಸಿದಳು. "ಅವರಿಲ್ಲದಾಗ ಮಾಡ್ದೆ. ಗೊತ್ತಾದ್ರೆ ಬೇಡ ಅಂತಿದ್ರು. ನಿಮಗೆ ಬೇಜಾರಾಗುತ್ತೆ ಅಂತ."

ಅಕ್ಕನ ಕೈಯಲ್ಲಿದ್ದ ಪಾತ್ರೆ ನೀರಿನೊಳಗೆ ಜಾರಿತು. ಅವನು ಹಟ ಹಿಡಿದು ಗೂಟ ಹೊಡೆದುಕೊಂಡು ಕೂತಿದ್ದಾನೆ ಎಂದು ಇಷ್ಟು ವರ್ಷ ನಂಬಿದ್ದಳು. ತನ್ನ ಮಾತನ್ನೇ ಅವನು ಪಾಲಿಸುತ್ತಿರಬಹುದು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಮರುದಿನ ಅಂಗಡಿಯಲ್ಲಿ ಅವಳು ಗಿರಾಕಿಗಳ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟಳು. ನಿಯಮ ಅಂದರೆ ನಿಯಮ, ಹೊಲಿದು ಗುಬ್ಬಿಯ ಕೈಲಿ ಕಳಿಸಿದರಾಯಿತು, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂದು ತೀರ್ಮಾನಿಸಿದ್ದಳು. ಹತ್ತಿ ತುಂಬಿದ, ತೋಳಿಲ್ಲದ ಒಂದು ಕೋಟು. ಬಡಗಿಯ ಕೈ ಆಡಲು ಜಾಗ ಬೇಕು, ಎದೆ ಬೆಚ್ಚಗಿರಬೇಕು. ಕಪಾಟಿನ ತಳದಲ್ಲಿ ಕಂದು ಬಣ್ಣದ ದಪ್ಪ ಉಣ್ಣೆ ಬಟ್ಟೆಯೊಂದಿತ್ತು, ಯಾರಿಗೂ ಕೊಡದೆ ಇಟ್ಟುಕೊಂಡದ್ದು. ಏಕೆ ಇಟ್ಟುಕೊಂಡಿದ್ದಳೆಂದು ಕೇಳಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದಳು. ಅದನ್ನು ಹಾಸಿ, ಕೈಯಿಂದ ಸವರಿ ಸುಕ್ಕು ತೆಗೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಎದೆ ನಲವತ್ತು ಇಂಚು. ಗೂಟನ ಅಳತೆ ನೋಡಿಕೊಳ್ಳಬೇಕೇ? ಕತ್ತರಿ ತೆಗೆದು ಅದರ ಬಾಯನ್ನು ಬಟ್ಟೆಯ ಅಂಚಿಗೆ ಹಚ್ಚಿದಳು.

ಕತ್ತರಿ ಮುಂದೆ ಹೋಗಲಿಲ್ಲ.

ಕೇಳದೆ ಕತ್ತರಿಸಿದೆಯಲ್ಲ! ತನ್ನದೇ ಮಾತು, ತನ್ನದೇ ದನಿಯಲ್ಲಿ ಕೇಳಿಸಿತು. ಅವನೂ ಹೀಗೇ ನಿಂತಿದ್ದಿರಬೇಕು, ಗರಗಸ ಹಿಡಿದು, ಅಮ್ಮನ ಮೇಜಿನ ಮುಂದೆ. ಅಕ್ಕನಿಗೆ ಏನು ಬೇಕೆಂದು ತನಗೆ ಗೊತ್ತು, ಕೇಳುವುದೇನು ಬಂತು ಎಂದುಕೊಂಡಿದ್ದಿರಬೇಕು. ಪ್ರೀತಿಯೇ ಇಲ್ಲದವನಿಗೆ ಅಷ್ಟು ಧೈರ್ಯ ಬರುವುದಿಲ್ಲ. ಈಗ ಅವಳೂ ಅದನ್ನೇ ಮಾಡುತ್ತಿದ್ದಳು, ಆರು ವರ್ಷ ನೋಡದ ಮನುಷ್ಯನ ಎದೆಯ ಅಳತೆ ತನಗೆ ಗೊತ್ತು ಎಂದುಕೊಂಡು. ಅವಳು ಕತ್ತರಿ ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತಳು. ಹೋಗದೆ ಬೇರೆ ದಾರಿ ಇರಲಿಲ್ಲ. ಹೋದರೆ ಅವನು ಬಾಗಿಲು ಹಾಕಿಕೊಂಡರೆ ಏನು ಮಾಡುವುದೆಂಬ ಭಯವೂ ಇತ್ತು. ಭಯ ಇನ್ನಷ್ಟು ಹೆಚ್ಚುವ ಮೊದಲೇ ಎದ್ದು, ಹಾಡಹಗಲೇ ಅಂಗಡಿಗೆ ಬೀಗ ಹಾಕಿದಳು.

ದಾರಿಯಲ್ಲಿ ಎದುರಾದವರೆಲ್ಲ ಅವಳನ್ನು ವಿಚಿತ್ರವಾಗಿ ನೋಡಿದರು. ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿದ್ದುದು ಅವಳಿಗೆ ತಿಳಿದದ್ದು ಗೂಟನ ಕಾರ್ಖಾನೆಯ ಓಣಿಗೆ ತಿರುಗಿದ ಮೇಲೆ.

ಕಾರ್ಖಾನೆ ಎಂದರೆ ತಗಡಿನ ಸೂರಿನ ಒಂದೇ ಕೋಣೆ. ಬಾಗಿಲು ತೆರೆದೇ ಇತ್ತು. ಗೂಟ ಅವಳಿಗೆ ಬೆನ್ನು ಹಾಕಿ ಹಲಗೆಗೆ ಉಜ್ಜುಗೊರಡು ಹೊಡೆಯುತ್ತಿದ್ದ. ಎರಡು ಸಲ ಎಳೆಯುವುದು, ನಿಲ್ಲುವುದು, ಮತ್ತೆ ಎರಡು ಸಲ. ಮೊದಲು ಅವನು ಹೀಗೆ ನಿಲ್ಲುತ್ತಿರಲಿಲ್ಲ. ಗೋಡೆಯ ಬದಿಗೆ ಅದೇ ಬೀರು. ಅದರ ಮೇಲೆ ಒಂದು ಮೊಳೆಯನ್ನೂ ಇಟ್ಟಿರಲಿಲ್ಲ, ಸುತ್ತಲಿನದಕ್ಕೆಲ್ಲ ಮರದ ಪುಡಿ ಮುಸುಕಿದ್ದರೆ ಅದೊಂದು ಮಾತ್ರ ಒರೆಸಿದಂತಿತ್ತು. ಅಕ್ಕ ಅದರಿಂದ ಕಣ್ಣು ತೆಗೆದು ಕೆಮ್ಮಿದಳು.

ಅವನು ತಿರುಗಿದ. ತಲೆ ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಅವಳನ್ನೂ ಕುತ್ತಿಗೆಯ ಟೇಪನ್ನೂ ನೋಡಿದ.

"ಅಪ್ಪ ಚೆನ್ನಾಗಿದಾರಾ?" ಎಂದ, ಗಾಬರಿಯಿಂದ.

"ಚೆನ್ನಾಗಿದಾರೆ. ನಾನು ಆಟದಲ್ಲಿ ಸೋತೆ."

"ಗುಬ್ಬಿ ಹೇಳಿದ್ಲು."

"ಮತ್ತೆ ಸುಮ್ನೆ ನಿಂತಿದೀಯಲ್ಲ? ಅಳತೆ ಬೇಕು ನನಗೆ. ನಿಯಮ."

"ನನ್ನ ಅಳತೆ ನಿನಗೆ ಬಾಯಿಪಾಠ ಅಲ್ವಾ?"

"ಕೇಳದೆ ಕತ್ತರಿಸಬಾರದು ಅಂತ ಬಂದೆ," ಎಂದಳು ಅಕ್ಕ. ಬೇರೆ ಏನನ್ನೋ ಹೇಳಬೇಕೆಂದಿದ್ದಳು, ಬಾಯಿಗೆ ಬಂದದ್ದು ಅದು.

ಗೂಟ ಉಜ್ಜುಗೊರಡನ್ನು ಹಲಗೆಯ ಮೇಲಿಟ್ಟ.

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೂಂ. ಅಂತಿದ್ದೆ."

"ಆದ್ರೂ ನಾನು ಕೇಳಬೇಕಿತ್ತು."

"ಹೂಂ, ಕೇಳಬೇಕಿತ್ತು. ನಾನು ಹಾಗೆ ಅನ್ನಬಾರದಿತ್ತು. ಆ ಮೇಜು ಬಾಗಿಲಲ್ಲಿ ಹಿಡೀತಿರಲಿಲ್ಲ ಕಣೋ, ನಾನೂ ಅಳೆದು ನೋಡಿದೀನಿ. ಕೈ ಎತ್ತು."

ಅವನು ಕೈಯೆತ್ತಿದ, ಚಿಕ್ಕಂದಿನಲ್ಲಿ ಅಮ್ಮನ ಮುಂದೆ ಎತ್ತುತ್ತಿದ್ದ ಹಾಗೆ. ಎದೆಯ ಅಳತೆ ತೆಗೆಯಬೇಕಾದರೆ ದರ್ಜಿಯ ಎರಡೂ ಕೈ ಎದುರಿಗಿರುವವರ ಬೆನ್ನ ಹಿಂದೆ ಹೋಗಿ ಸೇರಬೇಕು. ದಿನಕ್ಕೆ ಹತ್ತು ಜನರಿಗೆ ಹಾಗೆ ಮಾಡುವವಳು ಇವತ್ತು ಟೇಪಿನ ತುದಿಗಾಗಿ ಎರಡು ಸಲ ತಡಕಾಡಿದಳು. ಅವನ ಅಂಗಿಗೆ ಮರದ ವಾಸನೆ, ಅಂಟಿನ ವಾಸನೆ. "ನಲವತ್ತು" ಎಂದು ರೂಢಿಯಂತೆ ಬಾಯಿ ಹೇಳಿಯೇಬಿಟ್ಟಿತು. ಟೇಪು ಮುಂದಕ್ಕೆ ಬಂದು ಸೇರಿದಾಗ ಬೆರಳು ನಿಂತದ್ದು ಮೂವತ್ತೈದರ ಮೇಲೆ.

ಟೇಪು ತಿರುಚಿಕೊಂಡಿದೆಯೇನೋ ಎಂದು ಬಿಡಿಸಿ ಹಿಡಿದಳು. ಮೂವತ್ತೈದೇ.

"ಏನಾಗಿತ್ತು ನಿನಗೆ?"

"ಈಗ ಪರವಾಗಿಲ್ಲ ಅಕ್ಕ."

"ಏನಾಗಿತ್ತು ಅಂತ ಕೇಳಿದೆ."

"ಎದೇಲಿ ನೀರು ತುಂಬಿತ್ತು. ಹೋದ ವರ್ಷಕ್ಕೆ ಹಿಂದಿನ ಚಳಿಗಾಲ. ಆಸ್ಪತ್ರೇಲಿದ್ದೆ."

ಅಕ್ಕನಿಗೆ ಆ ಚಳಿಗಾಲ ನೆನಪಾಯಿತು. ನರ್ಸೂ ಗುಬ್ಬಿಯೂ ಬಂದ ಕಾಲಲ್ಲೇ ಹೊರಟುನಿಂತಿದ್ದರು. ಚಹಾ ಕೂಡ ಕುಡಿಯದೆ ಹೋಗ್ತಾರೆ, ಅಷ್ಟೂ ವ್ಯವಧಾನ ಇಲ್ಲವೇ ಎಂದು ಅವಳು ಹಿಂದಿನಿಂದ ಗೊಣಗಿದ್ದಳು. ಅಪ್ಪ ದಿನಾ ಸಂಜೆ ವಾಕಿಂಗ್ ಎಂದು ಹೋಗಿ ಕತ್ತಲಾದ ಮೇಲೆ ಬರುತ್ತಿದ್ದುದಕ್ಕೂ ರೇಗಿದ್ದಳು.

"ಒಬ್ಬರೂ ನನಗೆ ಹೇಳಲಿಲ್ಲ," ಎಂದಳು. ಸಿಟ್ಟಿನಿಂದಲೇ ಶುರು ಮಾಡಿದಳು, ಆದರೆ ದನಿ ಅರ್ಧದಲ್ಲೇ ಒಡೆಯಿತು. "ಒಬ್ಬರೂ!"

ಗೂಟ ಎತ್ತಿದ ಕೈಯನ್ನು ಇಳಿಸದೆ ಮೆಲ್ಲಗೆ ಹೇಳಿದ, "ನನ್ನ ಹೆಸರು ಎತ್ತಬಾರದು ಅಂದಿದ್ದೆಯಲ್ಲ ಅಕ್ಕ."

ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಇದ್ದಿದ್ದರೆ ಅವಳು ತಿರುಗಿ ಏನಾದರೂ ಅಂದುಬಿಡುತ್ತಿದ್ದಳು. ಸಿಟ್ಟಿನಲ್ಲಿ ಆಡಿದ ಒಂದು ಮಾತನ್ನು ಇಡೀ ಮನೆ ಇಷ್ಟು ನಿಷ್ಠೆಯಿಂದ ಕಾಪಾಡಿತ್ತು. ಅವನು ಸತ್ತೇಹೋಗಿದ್ದರೂ ಹೇಗೆ ಹೇಳುವುದೆಂದು ಎಲ್ಲರೂ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರೇನೋ. ಅವಳು ಅಳುತ್ತಿದ್ದಳು. ಟೇಪಿನ ಎರಡು ತುದಿಗಳನ್ನು ಮಾತ್ರ ಬಿಟ್ಟಿರಲಿಲ್ಲ.

"ಹಳೇ ಅಳತೆಗೇ ಹೊಲಿಯಕ್ಕ," ಎಂದ ಗೂಟ, ಅವಳನ್ನು ನಗಿಸಲು. "ನಾನು ತುಂಬ್ಕೋತೀನಿ."

"ಬೇಡ." ಅವಳು ತೋಳಿನಿಂದ ಮೂಗು ಒರೆಸಿಕೊಂಡಳು. "ಈಗ ಹೇಗಿದೀಯೋ ಹಾಗೇ ಹೊಲೀತೀನಿ. ಚಳಿ ಇರೋದು ಈಗಲ್ವಾ? ಒಳಗೆ ಬಟ್ಟೆ ಬಿಟ್ಟಿರ್ತೀನಿ. ಮೈ ಬಂದ ಹಾಗೆಲ್ಲ ಮನೆಗೆ ಬಾ, ಬಿಚ್ಚಿ ಅಗಲ ಮಾಡಿಕೊಡ್ತೀನಿ."

"ಎಷ್ಟು ಸಲ ಬರೋದು?"

"ನಲವತ್ತಾಗೋವರೆಗೂ."

ಅವನು ನಕ್ಕು, ನಗು ಕೆಮ್ಮಾಗಿ, ಕೈ ಇಳಿಸಿ ಎದೆ ಒತ್ತಿಕೊಂಡ. ಕೆಮ್ಮು ನಿಲ್ಲುವವರೆಗೆ ಅವಳು ಕಾದಳು.

"ಕೈ ಎತ್ತು," ಎಂದಳು. "ಕಣ್ಣು ಮಂಜಾಗಿತ್ತು, ಇನ್ನೊಂದು ಸಲ ಅಳೀತೀನಿ."

ಅವನು ಮತ್ತೆ ಕೈಯೆತ್ತಿ ನಿಂತ. ಈ ಸಲ ಅವಳು ಅಳತೆ ನೋಡಲು ಅವಸರ ಮಾಡಲಿಲ್ಲ.